ತುಕ್ಕು ಹಿಡಿದ ಭಾವ, ಅರ್ಧ ಹೋಳು ನಿಂಬೆ

ನನ್ನ ಮೈಗೆ ತುಕ್ಕು ಹಿಡಿದಿದೆ ಎಂದು ನನಗೆ ಗೊತ್ತಾದದ್ದು ಹೋದ ಭಾನುವಾರ, ತಿಂಡಿಗೆ ಮುಂಚೆ. ಹೇಳಿದವನು ನನ್ನ ಭಾಮೈದ. ಬ್ಯಾಂಕಿನಿಂದ ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಅವನು ನೆಂಟರಿಗೆಲ್ಲ ಆರೋಗ್ಯ ಹಂಚುವ ಕೆಲಸಕ್ಕಿಳಿದಿದ್ದಾನೆ. ಡಬ್ಬಿಗೆ ಎರಡೂವರೆ ಸಾವಿರ. ನೀವು ಇನ್ನೂ ಮೂವರನ್ನು ಸೇರಿಸಿದರೆ ಅವನ ಆರೋಗ್ಯ ಮತ್ತಷ್ಟು ಸುಧಾರಿಸುತ್ತದೆ.

"ಮಳೆಗೆ ಗೇಟು ತುಕ್ಕು ಹಿಡಿಯಲ್ವಾ ಭಾವ? ಜೀವಕೋಶನೂ ಹಾಗೇ. ಫ್ರೀ ರ‍್ಯಾಡಿಕಲ್ಸ್! ಅದಕ್ಕೇ ಆಂಟಿಆಕ್ಸಿಡೆಂಟ್."

ಗಾಜಿನ ಲೋಟದಲ್ಲಿ ನೀರು ತರಿಸಿದ. ಗಾಯಕ್ಕೆ ಹಚ್ಚುವ ಅಯೋಡಿನ್ ನಾಲ್ಕು ಹನಿ ಬಿಟ್ಟ. ನೀರು ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿತು. "ಇದು ನಿಮ್ಮ ರಕ್ತ" ಎಂದ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಿ ಚಮಚದಲ್ಲಿ ಕಲಕಿದ. ಬಣ್ಣ ಮಾಯ! ನಮ್ಮತ್ತೆ ಲೋಟಕ್ಕೆ ಕೈಮುಗಿದರು.

ಒಳಗೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹೆಚ್ಚುತ್ತಿದ್ದ ನನ್ನ ಹೆಂಡತಿ ಇನ್ನೊಂದು ಲೋಟದಲ್ಲಿ ಅದೇ ಪಾನಕ ಮಾಡಿಸಿ, ಅರ್ಧ ಹೋಳು ಹಿಂಡಿದಳು. ಅಲ್ಲೂ ಬಣ್ಣ ಮಾಯ. "ಏನೋ, ಈ ಅರ್ಧ ಹೋಳಿಗೆ ಎಷ್ಟು ಸಾವಿರ ಕೊಡ್ತೀಯಾ?" ಎಂದಳು. ವಿಟಮಿನ್ ಸಿ ಸೇರಿದರೆ ಅಯೋಡಿನ್ ಬಣ್ಣವಿಲ್ಲದ ಅಯೋಡೈಡ್ ಆಗುತ್ತದೆ, ಅಷ್ಟೆ. ಪಿಯುಸಿ ಲ್ಯಾಬಿನ ವಿದ್ಯೆ. ನನ್ನ ರಕ್ತದಲ್ಲಿ ಅಯೋಡಿನ್ ಹನಿ ಬಿಟ್ಟವರು ಇದುವರೆಗೆ ಯಾರೂ ಇಲ್ಲ.

ತುಕ್ಕಿನ ಕತೆ ಪೂರ್ತಿ ಸುಳ್ಳೂ ಅಲ್ಲ, ಅದೇ ತಾಪತ್ರಯ. ಫ್ರೀ ರ‍್ಯಾಡಿಕಲ್‌ಗಳಿಂದಲೇ ಮುಪ್ಪು ಎಂದು ಡೆನ್ಹಮ್ ಹಾರ್ಮನ್ 1956ರಲ್ಲೇ ವಾದಿಸಿದ್ದ. ಆದರೆ ಬಿಳಿ ರಕ್ತಕಣಗಳು ರೋಗಾಣುಗಳನ್ನು ಬಡಿಯುವುದೂ ಅದೇ ಜಾತಿಯ ವಸ್ತುಗಳಿಂದ. ಕಾವಲುಗಾರನ ದೊಣ್ಣೆ ಕಸಿದುಕೊಂಡರೆ ಮನೆಯಲ್ಲಿ ಶಾಂತಿ ನೆಲೆಸುತ್ತದೆ ಎಂಬುದು ಭಾಮೈದನ ಲೆಕ್ಕ.

ಫಿನ್ಲೆಂಡಿನವರು ಈ ಲೆಕ್ಕವನ್ನು ಪರೀಕ್ಷೆಗೇ ಇಟ್ಟರು. ಸಿಗರೇಟು ಸೇದುವ 29,133 ಗಂಡಸರನ್ನು ಆರಿಸಿ, ಕೆಲವರಿಗೆ ಕ್ಯಾರೆಟ್ಟಿನಲ್ಲಿರುವ ಆಂಟಿಆಕ್ಸಿಡೆಂಟ್ ಬೀಟಾ ಕ್ಯಾರೋಟಿನ್ ಅನ್ನು ದಿನಕ್ಕೆ 20 ಮಿಲಿಗ್ರಾಂ ಕೊಟ್ಟು ವರ್ಷಗಟ್ಟಲೆ ಕಾದರು. 1994ರಲ್ಲಿ ಫಲಿತಾಂಶ ಬಂತು: ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಅಮೆರಿಕದವರು ನಡೆಸುತ್ತಿದ್ದ ಇಂಥದೇ ಪ್ರಯೋಗವನ್ನು ಶೇ. 28 ಹೆಚ್ಚಳ ಕಂಡು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಇನ್ನೊಂದು ಆಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ನುಂಗಿದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17 ಜಾಸ್ತಿ ಎಂದು 2011ರಲ್ಲಿ ಗೊತ್ತಾಯಿತು. ತುಕ್ಕು ಉಜ್ಜಲು ಹೋಗಿ ಗೇಟೇ ಕಳಚಿಬಿತ್ತು. (ಕ್ಯಾರೆಟ್ ಪಾಪ, ಇದರಲ್ಲಿ ಅದರ ತಪ್ಪೇನಿಲ್ಲ. ಪಲ್ಯ ಮಾಡಿ ತಿನ್ನಿ.)

ಇದನ್ನೆಲ್ಲ ಹೇಳಿದರೆ ಭಾಮೈದ ನಕ್ಕ. "ಇದು ಔಷಧಿ ಅಲ್ಲ ಭಾವ, ಅದಕ್ಕೇ ಸೈಡ್ ಎಫೆಕ್ಟ್ ಇಲ್ಲ."

"ಹಾಗಾದ್ರೆ ಎಫೆಕ್ಟು?"

ಅತ್ತೆಯ ಭೂತಗನ್ನಡಿ ಇಸಕೊಂಡು ಡಬ್ಬಿಯ ಬೆನ್ನು ಓದಿದೆ. ಮುಂಭಾಗದಲ್ಲಿ ಸೂರ್ಯೋದಯ, ಓಡುವ ಮುದುಕ, ದಾಳಿಂಬೆ. ಹಿಂದೆ ಸಾಸಿವೆ ಗಾತ್ರದ ಅಕ್ಷರದಲ್ಲಿ: ಔಷಧೀಯ ಬಳಕೆಗಲ್ಲ. ಹಾಗೆ ಅಚ್ಚು ಹಾಕಲೇಬೇಕು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಇಡೀ ಡಬ್ಬಿಯಲ್ಲಿ ನನಗೆ ನಂಬಿಕೆ ಬಂದದ್ದು ಆ ಒಂದೇ ಸಾಲಿನ ಮೇಲೆ.

ಕಣ್ಣಿನ ಅಕ್ಷಿಪಟಲದ ಒಂದು ಕಾಯಿಲೆಗೆ ಡಾಕ್ಟರೇ ಲೆಕ್ಕ ಹಾಕಿ ಇಂಥ ಗುಳಿಗೆ ಬರೆಯುವುದುಂಟು, ಆ ಮಾತು ಬೇರೆ. ನಮ್ಮತ್ತೆಯದು ಕಣ್ಣಿನ ಸಮಸ್ಯೆಯಲ್ಲ, ಹೃದಯದ್ದು. ರಕ್ತ ಹೆಪ್ಪುಗಟ್ಟದಿರಲೆಂದು ವರ್ಷಗಳಿಂದ ವಾರ್ಫರಿನ್ ನುಂಗುತ್ತಾರೆ. ಮಗ ಪ್ರೀತಿಯಿಂದ ತಾಯಿಗೆ ಪುಕ್ಕಟೆ ಕೊಟ್ಟ ಮೊದಲ ಡಬ್ಬಿಯಲ್ಲಿ ವಿಟಮಿನ್ ಇ ಧಾರಾಳವಾಗಿತ್ತು. ಅದು ಅತಿಯಾದರೆ, ವಾರ್ಫರಿನ್ ಜೊತೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡಾಕ್ಟರು ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ, ಔಷಧಿಯಲ್ಲವಲ್ಲ!

ನಿಮ್ಮ ಷೋಕೇಸಿನಲ್ಲೂ ಸೂರ್ಯೋದಯದ ಡಬ್ಬಿಯೊಂದು ಇದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಗಳ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅವರು ಕೇಳದಿದ್ದರೂ ತೆಗೆದು ಮೇಜಿನ ಮೇಲಿಡಿ.