ಮಾತು ಬಿಟ್ಟ ಪೆಟ್ಟಿಗೆ

ಡ್ಯಾಶ್‌ಬೋರ್ಡಿನಲ್ಲಿ ಫೋರ್ ವೀಲ್ ಡ್ರೈವಿನ ಎಚ್ಚರಿಕೆ ದೀಪ ಹೊತ್ತಿಕೊಂಡರೆ ಮಾಲೀಕನ ಎದೆ ಧಸಕ್ಕೆನ್ನುತ್ತದೆ, ಗ್ಯಾರೇಜಿನವನ ಮುಖ ಅರಳುತ್ತದೆ. ಸ್ಟೇರಿಂಗಿನ ಕೆಳಗಿರುವ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿದ ಕೂಡಲೇ ಯು0114 ಎಂದೋ ಯು0102 ಎಂದೋ ಒಂದು ಕೋಡ್ ಮೂಡುತ್ತದೆ. ಮೊದಲನೆಯದು, ಫೋರ್ ವೀಲ್ ಡ್ರೈವಿನ ಕ್ಲಚ್ಚನ್ನು ನೋಡಿಕೊಳ್ಳುವ ಮಾಡ್ಯೂಲ್ ಎಂಬ ಕಂಪ್ಯೂಟರ್ ಪೆಟ್ಟಿಗೆಯ ಜೊತೆ ಸಂಪರ್ಕ ತಪ್ಪಿದೆ ಎನ್ನುತ್ತದೆ. ಎರಡನೆಯದು ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಮಾಡ್ಯೂಲಿನ ಬಗ್ಗೆ ಅದನ್ನೇ ಹೇಳುತ್ತದೆ. ಅಷ್ಟಕ್ಕೇ ‘ಮಾಡ್ಯೂಲ್ ಹೋಗಿದೆ ಸಾರ್, ಹೊಸದು ತರಿಸಬೇಕು’ ಎಂಬ ತೀರ್ಮಾನ ಹೊರಬೀಳುತ್ತದೆ. ನನ್ನ ತಕರಾರಿರುವುದು ಈ ಆತುರದ ಮೇಲೆ. ‘ಯು’ ಅಕ್ಷರದಿಂದ ಶುರುವಾಗುವ ಕೋಡುಗಳು ಬಹುಪಾಲು ಸಂಪರ್ಕಕ್ಕೆ ಸಂಬಂಧಿಸಿದವು. ಸಂಪರ್ಕ ತಪ್ಪಿದೆ ಎಂದು ದೂರು ಬರೆದುಕೊಂಡವರು ಎಂಜಿನ್ನಿನ ಮಾಡ್ಯೂಲು, ಎಬಿಎಸ್ ಮಾಡ್ಯೂಲು ಮುಂತಾದ ನೆರೆಹೊರೆಯವರು. ಮಾತಾಡದೆ ಕುಳಿತವನನ್ನು ಯಾಕಪ್ಪಾ ಎಂದು ಯಾರೂ ಕೇಳಿಯೇ ಇಲ್ಲ.

ಇವರೆಲ್ಲ ಮಾತಾಡುವುದು ಕ್ಯಾನ್ ಎಂಬ ಏರ್ಪಾಟಿನಲ್ಲಿ. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದರ ಕೆಲಸ ಆರಂಭಿಸಿ 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲೋಕಕ್ಕೆ ತೋರಿಸಿತು. ಒಂದಕ್ಕೊಂದು ಹೆಣೆದುಕೊಂಡ ಎರಡೇ ವೈರು. ಮಾಡ್ಯೂಲುಗಳೆಲ್ಲ ಅದಕ್ಕೇ ಜೋತುಬಿದ್ದಿರುತ್ತವೆ. ಸುಮ್ಮನಿದ್ದಾಗ ಎರಡೂ ವೈರಿನಲ್ಲಿ ಸುಮಾರು 2.5 ವೋಲ್ಟ್, ಮಾತು ಶುರುವಾದರೆ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಫೋರ್ ವೀಲ್ ಡ್ರೈವಿನ ಪೆಟ್ಟಿಗೆಯಂತೂ ಇವರ ಪೈಕಿ ಮಹಾ ಪರಾವಲಂಬಿ. ಯಾವ ಚಕ್ರ ಜಾರುತ್ತಿದೆ ಎಂಬುದನ್ನು ಎಬಿಎಸ್ ಹೇಳಬೇಕು, ಆಕ್ಸಿಲರೇಟರ್ ಎಷ್ಟು ಒತ್ತಲಾಗಿದೆ ಎಂಬುದನ್ನು ಎಂಜಿನ್ ಹೇಳಬೇಕು. ಅವರು ಬಾಯಿ ಮುಚ್ಚಿದರೆ ಇದು ದೀಪ ಹಚ್ಚಿ ಕೈಚೆಲ್ಲುತ್ತದೆ. ಕೂಡುಕುಟುಂಬದಲ್ಲಿ ‘ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ’ ಎಂದು ಸೊಸೆ ದೂರಿದರೆ ಅತ್ತೆಗೆ ಸಿಟ್ಟು ಬಂದಿದೆಯೋ, ಕಿವಿ ಮಂದವಾಗಿದೆಯೋ, ನಡುಮನೆಯ ಬಾಗಿಲಿಗೆ ಯಾರಾದರೂ ಚಿಲಕ ಹಾಕಿದ್ದಾರೋ ಆ ದೂರಿನಿಂದ ತಿಳಿಯುವುದಿಲ್ಲ. ಅಷ್ಟಕ್ಕೇ ಅತ್ತೆಯನ್ನು ಬದಲಾಯಿಸುವವರು ಯಾರೂ ಇಲ್ಲ (ಆಸೆ ಇದ್ದರೂ).

ಆದ್ದರಿಂದ ಮೊದಲು ಮಾಡಬೇಕಾದ್ದು ಕೋಡುಗಳನ್ನು ಅಳಿಸುವುದಲ್ಲ, ಯಾರು ಯಾರ ಮೇಲೆ ದೂರಿದ್ದಾರೆ ಎಂದು ಬರೆದಿಟ್ಟುಕೊಳ್ಳುವುದು. ಎಲ್ಲರೂ ಒಬ್ಬನ ಮೇಲೇ ದೂರಿದ್ದರೆ ಅವನಿಗೆ ಬರುವ ಕರೆಂಟು, ಫ್ಯೂಸು, ಅರ್ತ್, ಅವನ ಕವಲಿನ ವೈರು ನೋಡಬೇಕು. ಒಬ್ಬನೇ ಎಲ್ಲರ ಮೇಲೆ ದೂರಿದ್ದರೆ ಕಿವುಡ ಅವನೇ. ಬ್ಯಾಟರಿ ಸೊರಗಿದ್ದರೆ ಸ್ಟಾರ್ಟ್ ಮಾಡುವಾಗ ವೋಲ್ಟೇಜು ಕುಸಿದು ಮಾಡ್ಯೂಲೊಂದು ಕ್ಷಣಕಾಲ ಮೂರ್ಛೆ ಹೋಗಬಹುದು. ಅಷ್ಟರೊಳಗೆ ಉಳಿದವರು ದೂರು ದಾಖಲಿಸಿ ಮುಗಿಸಿರುತ್ತಾರೆ. ಇದಾದ ಮೇಲೆ ಬ್ಯಾಟರಿ ಕಳಚಿ, ಆ 16 ಪಿನ್ನಿನ ಕಿಂಡಿಯಲ್ಲಿ 6 ಮತ್ತು 14ನೇ ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ವೈರಿನ ಎರಡು ತುದಿಗಳಲ್ಲೂ 120 ಓಮ್‌ನ ರೆಸಿಸ್ಟರ್ ಇರುವುದರಿಂದ ಮೀಟರು ಸುಮಾರು 60 ತೋರಿಸಬೇಕು. 120 ಬಂದರೆ ಒಂದು ತುದಿ ಕೈಬಿಟ್ಟಿದೆ, ವೈರು ಎಲ್ಲೋ ತುಂಡಾಗಿರಬಹುದು. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರು ಎಲ್ಲೋ ತಬ್ಬಿಕೊಂಡಿವೆ. ಈಚಿನ ಕೆಲವು ಗಾಡಿಗಳಲ್ಲಿ ಕಿಂಡಿಗೂ ಒಳಗಿನ ವೈರಿಗೂ ನಡುವೆ ಗೇಟ್‌ವೇ ಎಂಬ ದ್ವಾರಪಾಲಕ ಇರುತ್ತಾನೆ. ಅಂಥಲ್ಲಿ ಅವನನ್ನು ದಾಟಿ ಒಳಗೆ ಅಳೆಯಬೇಕು. ಉಳಿದದ್ದು ಕಣ್ಣು, ಕೈಗಳ ಕೆಲಸ: ಇಲಿ ಕಡಿದ ವೈರು, ಕೆಸರು ನೀರು ಕುಡಿದು ಹಸಿರುಗಟ್ಟಿದ ಕನೆಕ್ಟರ್ ಪಿನ್ನು, ಹೆಚ್ಚುವರಿ ಲೈಟು ಕೂರಿಸಿದವರು ಸಿಕ್ಕಲ್ಲಿ ಸಿಪ್ಪೆ ಸುಲಿದು ಟೇಪು ಸುತ್ತಿದ ಜಾಗ.

‘ಮಾಡ್ಯೂಲ್ ಬದಲಿಸಿದ ಮೇಲೆ ಎಷ್ಟೋ ಗಾಡಿ ಸರಿಹೋಗಿದೆಯಲ್ಲ’ ಎಂದು ಕೇಳಬಹುದು. ಹೋಗಿರುತ್ತದೆ. ಮಾಡ್ಯೂಲುಗಳೂ ಸಾಯುತ್ತವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಸ ಪೆಟ್ಟಿಗೆ ಕೂರಿಸುವಾಗ ಹಳೆಯದರ ಕನೆಕ್ಟರನ್ನು ಎಳೆದು ತೆಗೆದು ಮತ್ತೆ ಒತ್ತಿ ಹಾಕಿಯೇ ಹಾಕುತ್ತಾರೆ. ಆ ಉಜ್ಜಾಟದಲ್ಲಿ ಪಿನ್ನಿನ ಕೊಳೆ ಹೋಗಿ ಮಾತು ಮರಳಿರಲೂಬಹುದು. ಗುಣ ಮಾಡಿದ್ದು ಕೈ, ಬಿಲ್ಲು ಬಂದದ್ದು ಪೆಟ್ಟಿಗೆಗೆ. ಕೆಲವು ವಾರಗಳಲ್ಲಿ ದೀಪ ಮತ್ತೆ ಹೊತ್ತಿದರೆ ಹೊಸ ಪೆಟ್ಟಿಗೆಯೂ ‘ಹೋಗಿದೆ’ ಎನ್ನಲು ಬಾಯಿ ಬರುವುದಿಲ್ಲ, ಅಷ್ಟೇ. ‘ಇದೆಲ್ಲ ಬೇಡ, ಹಳೆಯ ಜೀಪೇ ವಾಸಿ, ಒಂದು ಲಿವರ್ ಎಳೆದರೆ ಮುಗಿಯಿತು’ ಎನ್ನುವ ಇನ್ನೊಂದು ಬಣವೂ ಇದೆ. ಅವರ ನೆನಪಿಗೆ ಸ್ವಲ್ಪ ಸಕ್ಕರೆ ಹೆಚ್ಚಾಗಿದೆ. ಆ ಕಾಲದ ಎಷ್ಟೋ ಜೀಪುಗಳಲ್ಲಿ ಮುಂದಿನ ಚಕ್ರದ ಹಬ್ಬನ್ನು ಕೆಸರಿಗಿಳಿದು ಕೈಯಿಂದ ತಿರುಗಿಸಬೇಕಿತ್ತು. ಅದು ಕೆಟ್ಟಿದೆ ಎಂದು ತಿಳಿಯುತ್ತಿದ್ದುದು ಗಾಡಿ ಹೂತ ಮೇಲೆ. ಇಂದಿನದು ಚಕ್ರ ಜಾರತೊಡಗಿದ ಕೂಡಲೇ ತಾನೇ ಬಲ ಹಂಚಬೇಕು. ಮಾತಿಲ್ಲದೆ ಅದು ಆಗದು. ಮೀಟರ್ ಹಿಡಿಯಲು ಗ್ಯಾರೇಜಿನಲ್ಲಿ ಪುರುಸೊತ್ತಿಲ್ಲ ಎಂಬ ಮಾತಿಗೆ ಮಾತ್ರ ಉತ್ತರ ಬೇಕಿಲ್ಲ. ಪೆಟ್ಟಿಗೆ ಬರಲು ದಿನಗಟ್ಟಲೆ ಕಾಯುವಷ್ಟು ಪುರುಸೊತ್ತು ಅಲ್ಲಿ ಇದ್ದೇ ಇರುತ್ತದೆ.

ಹಾಗಾಗಿ ಹೊಸ ಮಾಡ್ಯೂಲಿಗೆ ಅಡ್ವಾನ್ಸ್ ಕೊಡುವ ಮೊದಲು ‘ಎಷ್ಟು ಓಮ್ ಬಂತು?’ ಎಂದು ಒಂದು ಮಾತು ಕೇಳಿ. ಉತ್ತರ ಅಂಕಿಯಲ್ಲಿ ಬಾರದಿದ್ದರೆ, ಬ್ರೇಕು ಸರಿಯಿದೆಯೆಂದು ನೋಡಿಕೊಂಡು ಗಾಡಿ ವಾಪಸು ತನ್ನಿ. ಡಾಂಬರು ರಸ್ತೆಯಲ್ಲಿ ಮನೆ ತಲುಪಲು ಎರಡು ಚಕ್ರದ ಬಲ ಸಾಕು.