ಬಿಗ್ ಟೆನ್‌ಗೆ ಚಂದಾಪುರದ ಅರ್ಜಿ

ಗೆ,
ಆಯುಕ್ತರು, ಬಿಗ್ ಟೆನ್ ಕಾನ್ಫರೆನ್ಸ್, ರೋಸ್‌ಮಾಂಟ್, ಇಲಿನಾಯ್, ಅಮೆರಿಕ

ಇಂದ,
ಬಸ್ಸು ಕಾಯುವ ಬೆಂಚು, ಚಂದಾಪುರ, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ

ವಿಷಯ: ಕಾಲೇಜು ಕಬಡ್ಡಿ ತಂಡವನ್ನು ಕಾನ್ಫರೆನ್ಸಿಗೆ ಸೇರಿಸಿಕೊಳ್ಳುವ ಬಗ್ಗೆ.

ಮಾನ್ಯರೆ,

ಅಮೆರಿಕದ ವಿಶ್ವವಿದ್ಯಾಲಯಗಳು ಆಟಕ್ಕೆಂದು ಕಟ್ಟಿಕೊಂಡ ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಬಿಗ್ ಟೆನ್ 1896ರಲ್ಲಿ ಹುಟ್ಟಿದಾಗ ಅದರಲ್ಲಿದ್ದವು ಷಿಕಾಗೊದ ಆಸುಪಾಸಿನ ರಾಜ್ಯಗಳ ವಿಶ್ವವಿದ್ಯಾಲಯಗಳು. ರೈಲು ಹತ್ತಿ ಹೋಗಿ, ಆಡಿ, ಮತ್ತೆ ತರಗತಿಗೆ ಬಂದು ಕೂರುವಷ್ಟು ದೂರ. 1984ರವರೆಗೆ ಕಾಲೇಜು ಫುಟ್‌ಬಾಲ್‌ನ ಟಿವಿ ಪ್ರಸಾರ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯ ಮುಷ್ಟಿಯಲ್ಲಿತ್ತು. ಆ ವರ್ಷ ಒಕ್ಲಹೋಮ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮುಷ್ಟಿ ಬಿಡಿಸಿತು. ಅಂದಿನಿಂದ ಕಾನ್ಫರೆನ್ಸುಗಳೇ ಚಾನೆಲ್‌ಗಳ ಜೊತೆ ವ್ಯಾಪಾರಕ್ಕೆ ಕೂತಿವೆ. ಬಿಗ್ ಟೆನ್ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳಿಗೆ ಏಳು ವರ್ಷದ ಹಕ್ಕು ಮಾರಿದ್ದು 700 ಕೋಟಿ ಡಾಲರ್‌ಗೂ ಹೆಚ್ಚಿನ ಬೆಲೆಗೆ ಎಂದು ಪತ್ರಿಕೆಗಳು ವರದಿ ಮಾಡಿದವು.

ಇಷ್ಟು ದುಡ್ಡು ಕಣ್ಣಿಗೆ ಬಿದ್ದಮೇಲೆ ಭೂಪಟ ನೋಡುವವರು ಯಾರು? ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಮತ್ತು ಯುಎಸ್‌ಸಿ ತಮ್ಮ ಹಳೆಯ ಕಾನ್ಫರೆನ್ಸಾದ ಪ್ಯಾಕ್-12 ಬಿಟ್ಟು 2024ರ ಆಗಸ್ಟ್‌ನಿಂದ ಬಿಗ್ ಟೆನ್ ಸೇರಿದವು. ಆರೆಗಾನ್, ವಾಷಿಂಗ್ಟನ್ ಹಿಂಬಾಲಿಸಿದವು. ಪ್ಯಾಕ್-12ರ ಹನ್ನೆರಡರಲ್ಲಿ ಹತ್ತು ಖಾಲಿಯಾಗಿ, ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಮನೆ ಕಾಯಲು ಉಳಿದವು. ಶಾಂತಸಾಗರದ ಕಡೆಯ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಸದಸ್ಯ. ಬಿಗ್ ಟೆನ್‌ನ ಹದಿನೆಂಟು ಸದಸ್ಯರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್‌ನಿಂದ ಲಾಸ್ ಏಂಜಲೀಸ್‌ಗೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್. ಹೀಗಿರುವಾಗ ಚಂದಾಪುರ ದೂರವಾಯಿತು ಎಂದು ಆಯುಕ್ತರು ಅರ್ಜಿ ತಳ್ಳಿಹಾಕುವಂತಿಲ್ಲ.

ಕಲಬುರಗಿ ಸೀಮೆಯಲ್ಲೂ ಇಂಥ ಒಡೆದು ಜೋಡಿಸುವ ಕೆಲಸ ನಡೆದಿದೆ, ಒಂದು ಪೈಸೆ ಟಿವಿ ಹಣವಿಲ್ಲದೆ. ಅಲ್ಲಿ ಕಾನ್ಫರೆನ್ಸು ಊದಿಕೊಳ್ಳುತ್ತದೆ, ಇಲ್ಲಿ ವಿಶ್ವವಿದ್ಯಾಲಯ ಸೊರಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಧಾರವಾಡದ ವಿಶ್ವವಿದ್ಯಾಲಯದಿಂದ ಬೇರೆಯಾದಾಗ ಬೀದರ್, ರಾಯಚೂರು, ಬಳ್ಳಾರಿಗಳೂ ಅದರವೇ. ವೈದ್ಯಕೀಯ ಕಾಲೇಜುಗಳನ್ನು 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಒಯ್ದಿತು. ಎಂಜಿನಿಯರಿಂಗ್ ಕಾಲೇಜುಗಳನ್ನು 1998ರ ವಿಟಿಯು ಒಯ್ದಿತು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವಾಗಿ ಮಹಿಳಾ ಕಾಲೇಜುಗಳು ಅತ್ತ ಹೋದವು. ಒಂದೇ ಮನೆಯ ಅಕ್ಕ ಮಹಿಳಾ ಕಾಲೇಜಿನಲ್ಲಿದ್ದರೆ ಆಡುವುದು ವಿಜಯಪುರದ ಪರ, ತಂಗಿ ಸಹಶಿಕ್ಷಣದ ಕಾಲೇಜಿನಲ್ಲಿದ್ದರೆ ಕಲಬುರಗಿಯ ಪರ. 2010ರಲ್ಲಿ ಹೊಸ ವಿಶ್ವವಿದ್ಯಾಲಯವಾಗಿ ಬಳ್ಳಾರಿ, ಕೊಪ್ಪಳ ಹೋದವು. ಆಮೇಲೆ ರಾಯಚೂರು ವಿಶ್ವವಿದ್ಯಾಲಯವಾಗಿ ರಾಯಚೂರು, ಯಾದಗಿರಿ ಹೋದವು. 2023ರಲ್ಲಿ ಬೀದರ್ ಕೂಡ ಹೋಯಿತು. ಉಳಿದದ್ದು ಕಲಬುರಗಿ ಒಂದೇ ಜಿಲ್ಲೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ತಮ್ಮತಮ್ಮಲ್ಲೇ ಸೆಣಸಿ ಗೆದ್ದರೆ ಅದೇ ವಿಶ್ವವಿದ್ಯಾಲಯ ಚಾಂಪಿಯನ್. ರಾಜ್ಯದಲ್ಲಿ ಹೊಸದಾಗಿ ಹುಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ದುಡ್ಡಿಲ್ಲವೆಂದು ಮುಚ್ಚುವ ಶಿಫಾರಸು 2025ರ ಫೆಬ್ರುವರಿಯಲ್ಲಿ ಬಂದಾಗ ಬೀದರ್ ಬಚಾವಾಯಿತು.

ಈ ಒಡಕಿನಿಂದ ಲಾಭವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಪ್ರತಿ ವಿಶ್ವವಿದ್ಯಾಲಯವೂ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಪಂದ್ಯಾವಳಿಗೆ ಸ್ವಂತ ತಂಡ ಕಳಿಸುತ್ತದೆ. ಮೊದಲು ಒಂದು ತಂಡ ಹೋಗುತ್ತಿದ್ದ ಸೀಮೆಯಿಂದ ಈಗ ನಾಲ್ಕೈದು ಹೋಗುತ್ತವೆ. ಅಷ್ಟು ಹೆಚ್ಚು ಹುಡುಗರಿಗೆ ವಿಶ್ವವಿದ್ಯಾಲಯದ ಪರ ಆಡಿದ ಯುನಿವರ್ಸಿಟಿ ಬ್ಲೂ ಸರ್ಟಿಫಿಕೇಟು ಸಿಗುತ್ತದೆ. ಬಿಪಿಎಡ್ ಸೀಟಿಗೂ ಕ್ರೀಡಾ ಕೋಟಾದ ನೌಕರಿಗೂ ಬೇಕಾದದ್ದು ಕಪ್ಪಲ್ಲ, ಆ ಸರ್ಟಿಫಿಕೇಟು. ಮೊದಲ ಸುತ್ತಿನಲ್ಲೇ ಸೋತು ಬಂದರೂ ಅದು ಕೈಗೆ ಬರುತ್ತದೆ.

ಪ್ರಸಾರದ ವಿಚಾರ ಬೇಗ ಮುಗಿಯುತ್ತದೆ. ಈ ದೇಶದ ಟಿವಿ ದುಡ್ಡು ಐಪಿಎಲ್‌ನ ಬಾಗಿಲಲ್ಲೇ ಇಳಿದುಬಿಡುತ್ತದೆ: 2023ರಿಂದ 2027ರವರೆಗಿನ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಕಾಲೇಜು ಮಟ್ಟದಲ್ಲಿ ಖೇಲೋ ಇಂಡಿಯಾ ಯುನಿವರ್ಸಿಟಿ ಗೇಮ್ಸ್ 2022ರಲ್ಲಿ ಬೆಂಗಳೂರಿಗೆ ಬಂದಾಗ ಕ್ಯಾಮೆರಾಗಳೂ ಬಂದವು. ಆತಿಥೇಯ ಜೈನ್ ವಿಶ್ವವಿದ್ಯಾಲಯವೇ ಪದಕಪಟ್ಟಿಯಲ್ಲೂ ಮೊದಲು. ಅದಕ್ಕಿಂತ ಕೆಳಗಿನ, ಒಂದೇ ವಿಶ್ವವಿದ್ಯಾಲಯದ ಕಾಲೇಜುಗಳು ಸೆಣಸುವ ಏಕವಲಯ ಕಬಡ್ಡಿಗೆ ಬರುವ ಕ್ಯಾಮೆರಾ ಒಂದೇ, ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಕಡತಕ್ಕೆ ಜಿಯೋಟ್ಯಾಗ್ ಫೋಟೊ ಹೊಡೆಯುವ ಮೊಬೈಲು. ಅತಿಥಿಗಳು ಇಬ್ಬರು ನಾಯಕರ ಕೈ ಹಿಡಿದು ನಿಲ್ಲುತ್ತಾರೆ, ಹಿಂದೆ ಬ್ಯಾನರಿನ ಸುಕ್ಕು ಎಳೆದು ಸರಿಮಾಡುತ್ತಾರೆ, ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ ಮೂಡುತ್ತದೆ. ಪ್ರಸಾರ ಮುಕ್ತಾಯ. ಆಮೇಲಿನ ರೈಡುಗಳನ್ನು ಯಾರೂ ಹಿಡಿಯುವುದಿಲ್ಲ, ಅಕ್ಷಾಂಶ ಆಗಲೇ ಸಿಕ್ಕಿರುತ್ತದಲ್ಲ.

ಆದಾಯದ ಮೂಲ ಪ್ರವೇಶದ ರಸೀದಿಯಲ್ಲಿದೆ. ವಿದ್ಯಾರ್ಥಿ ಕಟ್ಟುವ ಕ್ರೀಡಾ ಶುಲ್ಕದಲ್ಲಿ ಒಂದು ಪಾಲು ಕಾಲೇಜಿಗೆ, ಒಂದು ಪಾಲು ವಿಶ್ವವಿದ್ಯಾಲಯಕ್ಕೆ. ಅಂದರೆ ಆಟವಾಡುವವನೇ ಪ್ರಾಯೋಜಕ. ಈಚಿನ ವರ್ಷಗಳಲ್ಲಿ ಈ ಭಾಗದ ಕ್ರೀಡೆಗೆ ಸಿಕ್ಕ ದೊಡ್ಡ ಪ್ರಾಯೋಜಕತ್ವವೆಂದರೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ. ಆಧಾರ್ ತೋರಿಸಿದರೆ ಹುಡುಗಿಯರ ತಂಡ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಪುಕ್ಕಟೆ ಕಲಬುರಗಿ ಮುಟ್ಟುತ್ತದೆ. ಹುಡುಗರ ತಂಡಕ್ಕೆ ಟಿಕೆಟ್ಟು, ಜೊತೆಗೆ ಪ್ರಯಾಣ ಭತ್ಯೆಯ ಟಿಎ ಬಿಲ್ಲು.

ಈ ಟಿಎ ಬಿಲ್ಲಿಗಾಗಿಯೇ ಅರ್ಜಿ. ಚಿಂಚೋಳಿಗೆ ರೈಲಿಲ್ಲ, ಕಲಬುರಗಿ ಎಂಬತ್ತು ಕಿಲೋಮೀಟರಿನ ಆಸುಪಾಸು. ಮೊನ್ನೆ ಈ ಭಾಗದ ಒಂದು ಕಾಲೇಜಿನ ಹುಡುಗರು ನಸುಕಿನ ಬಸ್ಸು ಹಿಡಿದರು. ದೈಹಿಕ ಶಿಕ್ಷಣ ನಿರ್ದೇಶಕರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಹನ್ನೆರಡು ಎಲಿಜಿಬಿಲಿಟಿ ಫಾರ್ಮು, ಪ್ರತಿಯೊಂದಕ್ಕೂ ಫೋಟೊ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು, ಪ್ರಾಚಾರ್ಯರ ಸಹಿ, ಸೀಲು. ಆತಿಥೇಯ ಕಾಲೇಜಿನ ಮೈದಾನದಲ್ಲಿ ಸುಣ್ಣದ ಗೆರೆಯ ಮೇಲೆ ಶಾಮಿಯಾನದ ಗಳ ನೆಟ್ಟಿದ್ದರು, ಯಾವುದೋ ಸಮಾರಂಭಕ್ಕೆ. ಗೇಟಿನಲ್ಲಿದ್ದಾತ ಹೇಳಿದ್ದು ಇಷ್ಟು: "ಆಟ ಮುಂದ ಹಾಕ್ಯಾರ ನೋಡ್ರಿ ಸರ್. ನಿನ್ನಿ ರಾತ್ರಿನೇ ಗ್ರೂಪಿನ್ಯಾಗ ಹಾಕ್ಯಾರಲ್ರಿ."

ಮುಂದಿನದು ನಿಯಮದ ಮಾತು. ಟಿಎ ಬಿಲ್ಲು ಪಾಸಾಗಲು ಆತಿಥೇಯರ ಹಾಜರಾತಿ ಪತ್ರ ಬೇಕು. ಪಂದ್ಯ ನಡೆದಿಲ್ಲವಾದ್ದರಿಂದ ಹಾಜರಾತಿ ಇಲ್ಲ. ಹಾಜರಾತಿ ಇಲ್ಲದ್ದರಿಂದ ತಂಡ ಪ್ರಯಾಣವನ್ನೇ ಮಾಡಿಲ್ಲ. ಹನ್ನೆರಡು ಹುಡುಗರು ಊಟವಿಲ್ಲದೆ ಮರಳಿದ್ದು ಕಡತದ ಪ್ರಕಾರ ನಡೆದೇ ಇಲ್ಲ, ಚಾರ್ಜು ಮಾತ್ರ ನಿರ್ದೇಶಕರ ಜೇಬಿನಿಂದ ಹೋಗಿದೆ. ಜಿಯೋಟ್ಯಾಗ್ ಫೋಟೊ ಹೊಡೆದುಕೊಂಡು ಬರಬೇಕಿತ್ತು ಎಂದು ಸಲಹೆ ಕೊಟ್ಟವರೂ ಇದ್ದಾರೆ. ಶಾಮಿಯಾನಕ್ಕೆ ದುಡ್ಡಿದೆ, ಹಾರಕ್ಕೆ ದುಡ್ಡಿದೆ, ಬ್ಯಾನರಿಗೆ ದುಡ್ಡಿದೆ. ಹುಡುಗರ ಬಸ್ ಚಾರ್ಜಿಗೆ ಮಾತ್ರ ನಿಯಮವಿದೆ. ನಾಚಿಕೆಗೇಡು! 2025ರ ಜೂನ್‌ನ ಕೋರ್ಟು ಒಪ್ಪಂದದ ಬಳಿಕ ಅದಕ್ಕೆ ಸೇರಿದ ಅಮೆರಿಕದ ಒಂದೊಂದು ವಿಶ್ವವಿದ್ಯಾಲಯವೂ ಆಟಗಾರರಿಗೆ ಮೊದಲ ವರ್ಷ 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಹಂಚಬಹುದಿತ್ತು. ಅಲ್ಲಿ ಆ ಹಣ ಎಣಿಸುವ ಗುಮಾಸ್ತರು ಹಾಜರಾತಿ ಪತ್ರ ಕೇಳುತ್ತಾರೋ ಇಲ್ಲವೋ, ಆಯುಕ್ತರೇ ತಿಳಿಸಬೇಕು.

ಸೇರ್ಪಡೆಯ ಷರತ್ತುಗಳು ಆಯುಕ್ತರಿಗೆ ಭಾರವಾಗಲಾರವು. ಟೆಕ್ಸಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಅಟ್ಲಾಂಟಿಕ್ ಕೋಸ್ಟ್ ಸೇರುವ ಆಸೆಗೆ ಒಂಬತ್ತು ವರ್ಷ ಪ್ರಸಾರದ ಪಾಲೇ ಬೇಡವೆಂದು ಒಪ್ಪಿಕೊಂಡಿತು. ಅದಕ್ಕೆ ಶ್ರೀಮಂತ ಹಳೆಯ ವಿದ್ಯಾರ್ಥಿಗಳಿದ್ದಾರೆ. ಇಲ್ಲಿನ ಹಳೆಯ ವಿದ್ಯಾರ್ಥಿಗಳು ತೊಗರಿಯ ದರ ಯಾವಾಗ ಏರೀತೆಂದು ಕಾಯುತ್ತಿದ್ದಾರೆ. ಆದರೂ ಚಂದಾಪುರ ಅದೇ ಷರತ್ತಿಗೆ ಒಪ್ಪುತ್ತದೆ: ಒಂಬತ್ತು ವರ್ಷ ಟಿವಿ ಹಣ ಬೇಡ. ಬಸ್ ಚಾರ್ಜು ಮುಂಗಡವಾಗಿ ಬರಬೇಕು, ನಗದಾಗಿ, ಹನ್ನೆರಡು ಹುಡುಗರದ್ದು ಮತ್ತು ಒಬ್ಬ ನಿರ್ದೇಶಕರದ್ದು. ಪಂದ್ಯ ಮುಂದೂಡಿದರೆ ಹಿಂದಿನ ಸಂಜೆ ಐದರೊಳಗೆ ಯಾರಾದರೂ ಫೋನು ಮಾಡಬೇಕು.

ಇಂತಿ,
ಚಂದಾಪುರದ ಪರವಾಗಿ