ಅವಿಭಕ್ತ ಪ್ರವಾಸ ಮೀಮಾಂಸೆ

ಪೀಠಿಕೆ

ಅವಿಭಕ್ತ ಕುಟುಂಬದ ಆಸ್ತಿಯನ್ನು ಹೇಗೆ ಹಂಚಬೇಕೆಂದು ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲೇ ಕಲ್ಯಾಣದ ವಿಜ್ಞಾನೇಶ್ವರ ‘ಮಿತಾಕ್ಷರಾ’ದಲ್ಲಿ ಕೂಲಂಕಷವಾಗಿ ಬರೆದಿಟ್ಟಿದ್ದಾನೆ. ಅದೇ ಕುಟುಂಬ ಸ್ವಿಟ್ಜರ್ಲೆಂಡಿಗೆ ಹೊರಟರೆ ಬಚ್ಚಲಿಗೆ ಮೊದಲು ಯಾರು ಎಂಬ ಬಗ್ಗೆ ಮಾತ್ರ ಚಕಾರವಿಲ್ಲ. ಶಾಸ್ತ್ರದ ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ವಾದದ ಅನುಕೂಲಕ್ಕೆ ಮೈಸೂರಿನ ಹದಿಮೂರು ತಲೆಯ ಒಂದು ಮನೆತನವನ್ನೂ ಇಂಟರ್‌ಲಾಕನ್ ಎಂಬ ಊರನ್ನೂ ಇಟ್ಟುಕೊಳ್ಳೋಣ.

ವಸತಿ ಪ್ರಕರಣ

ಸೂತ್ರ 1: ಜಾಹೀರಾತಿನ ಹಾಸಿಗೆ ಬೇರೆ, ಮಲಗುವ ಹಾಸಿಗೆ ಬೇರೆ.

ಭಾಷ್ಯ: ‘ಹದಿಮೂರು ಜನ ಮಲಗಬಹುದು’ ಎಂಬ ವಾಕ್ಯದಲ್ಲಿ ಹಾಲಿನ ಸೋಫಾ, ಏಣಿ ಹತ್ತುವ ಅಟ್ಟ, ಎಲ್ಲವೂ ಅಂತರ್ಗತ. ಅಲ್ಲಿನ ಜೋಡಿ ಮಂಚದ ಮೇಲೆ ಸಾಮಾನ್ಯವಾಗಿ ಎರಡು ಬಿಡಿ ಹಾಸಿಗೆ, ಎರಡು ಬಿಡಿ ಹೊದಿಕೆ, ನಡುವೆ ಒಂದು ಸಂದು. ಅಪ್ಪ ಅಮ್ಮನ ನಡುವೆ ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ಸೊಂಟದವರೆಗೆ ಆ ಸಂದಿನೊಳಗೆ ಇಳಿದಿರುತ್ತದೆ. ರಾತ್ರಿ 10ರ ಮೇಲೆ ಗದ್ದಲ ಕೂಡದೆಂಬುದು ಅಲ್ಲಿನ ಕಟ್ಟಳೆ. ನಮ್ಮಲ್ಲಿ ಹರಟೆ ಶುರುವಾಗುವುದೇ ಆಗ.

ಪೂರ್ವಪಕ್ಷ (ಭಾವನವರದು): ‘ಹೋಟೆಲಲ್ಲೇ ಏಳು ರೂಮು ಹಾಕಿಬಿಡೋಣ.’

ಖಂಡನೆ (ದೊಡ್ಡಮ್ಮನದು): ‘ಅನ್ನಕ್ಕಿಡೋಕೆ ಒಲೆ ಎಲ್ಲಪ್ಪಾ ಇರತ್ತೆ ಅಲ್ಲಿ?’

ಸಿದ್ಧಾಂತ: ಅಡುಗೆಮನೆ ಇರುವ ಅಪಾರ್ಟ್‌ಮೆಂಟೇ ಗ್ರಾಹ್ಯ. ದೊಡ್ಡಮ್ಮನ ಪ್ರಶ್ನೆಗೆ ಆರು ದರ್ಶನಗಳಲ್ಲೂ ಉತ್ತರವಿಲ್ಲ.

ವಾಹನ ಪ್ರಕರಣ

ಸೂತ್ರ 2: ಒಂಬತ್ತರಾಚೆ ಒಗ್ಗಟ್ಟಿಲ್ಲ.

ಭಾಷ್ಯ: ಮಾಮೂಲಿ ಕಾರಿನ ಲೈಸೆನ್ಸಿಗೆ ಅಲ್ಲಿ ಡ್ರೈವರನೂ ಸೇರಿ 9 ಸೀಟೇ ಮಿತಿ. ಆದ್ದರಿಂದ ಗಾಡಿ ಎರಡು, ಪಕ್ಷವೂ ಎರಡು. ಯಾವ ಗಾಡಿಗೆ ಯಾರು ಎಂಬುದು ಜಾಗದ ಪ್ರಶ್ನೆಯಲ್ಲ; ಯಾರ ಮನೆ ಗೃಹಪ್ರವೇಶಕ್ಕೆ ಯಾರು ಬರಲಿಲ್ಲ ಎಂಬ ಪ್ರಶ್ನೆ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬ ಮಿತಾಕ್ಷರಾ ನ್ಯಾಯವನ್ನು ಮಕ್ಕಳು ಕಿಟಕಿ ಸೀಟಿಗೂ ಅನ್ವಯಿಸುತ್ತಾರೆ.

ಹಾಗಾದರೆ ರೈಲು? ಸ್ವಿಸ್ ಟ್ರಾವೆಲ್ ಪಾಸ್ ಇರುವ ಅಪ್ಪನೋ ಅಮ್ಮನೋ ಜೊತೆಗಿದ್ದರೆ, ಫ್ಯಾಮಿಲಿ ಕಾರ್ಡಿನ ಮೇಲೆ 16 ತುಂಬದ ಮಕ್ಕಳಿಗೆ ಪ್ರಯಾಣ ಪುಕ್ಕಟೆ. ಮಗು ಹಟ ಹಿಡಿದು ದೊಡ್ಡಪ್ಪನ ಜೊತೆ ಹಿಂದಿನ ರೈಲಿಗೆ ಉಳಿಯಿತೋ, ಸವಲತ್ತು ಹೋಯಿತು. ಹಿಂದೂ ಅವಿಭಕ್ತ ಕುಟುಂಬವನ್ನು ನಮ್ಮ ಆದಾಯ ತೆರಿಗೆಯವರೇ ಒಪ್ಪಿದ್ದರೂ, ದೊಡ್ಡಪ್ಪನೂ ಅಪ್ಪನೇ ಎಂಬ ಸರಳ ತತ್ತ್ವ ಆಲ್ಪ್ಸ್ ಹತ್ತಿಲ್ಲ. ಅಲ್ಲಿ ಸಂಸಾರವೆಂದರೆ ಗಂಡ, ಹೆಂಡತಿ, ಎರಡು ಮಕ್ಕಳು. ಮಂಚ, ಕಾರು, ಟಿಕೆಟ್ಟು ಎಲ್ಲದಕ್ಕೂ ಅದೇ ಅಳತೆ.

ದಾಯವಿಭಾಗ

ಹಿರಿಯರಿಗೆ ಮೆಟ್ಟಿಲಿಲ್ಲದ ಕೋಣೆ. ಹೊಸ ದಂಪತಿಗೆ ಚಿಲಕವಿರುವ ಕೋಣೆ. ಮಕ್ಕಳಿಗೆ ಅಟ್ಟ. ಮೂರು ತಿಂಗಳು ನಿದ್ದೆಗೆಟ್ಟು ಬುಕಿಂಗ್ ಮಾಡಿ, ತನ್ನ ಕ್ರೆಡಿಟ್ ಕಾರ್ಡ್ ಉಜ್ಜಿದವನಿಗೆ ಸೋಫಾ, ಸೂಟ್‌ಕೇಸು ತುಂಬಿದ ಗಾಡಿ, ಜೊತೆಗೆ ‘ಇನ್ನೂ ಅಗ್ಗಕ್ಕೆ ಸಿಗ್ತಿತ್ತಲ್ಲೋ’ ಎಂಬ ಮಾತು. ಇದು ಕರ್ತೃವಿನ ಪಾಲು. ಇದರಲ್ಲಿ ಭಾಗ ಕೇಳಿ ಯಾವ ದಾಯಾದಿಯೂ ಕೋರ್ಟಿಗೆ ಹೋದ ದಾಖಲೆಯಿಲ್ಲ.